ಏನ್ಷಿಯೆಂಟ್ ಮ್ಯಾರಿನರ್: ಗಾಳಿ ಇದ್ದಾಗ ಒಂದು ಪ್ರಾಸ, ಗಾಳಿ ನಿಂತಾಗ ಇನ್ನೊಂದಾ?

ಶರಾವತಿ_ದಂಡೆ:
ಇಂಗ್ಲಿಷ್ ಕವಿ ಕೋಲ್‌ರಿಜ್‌ನ ‘ದ ರೈಮ್ ಆಫ್ ದಿ ಏನ್ಷಿಯೆಂಟ್ ಮ್ಯಾರಿನರ್’ ಈ ಸಲ ಡಿಗ್ರಿ ಮಕ್ಕಳಿಗೆ ಪಾಠ ಮಾಡ್ಬೇಕು. ಕಥೆ ಹೇಳೋದಕ್ಕೇನೂ ತೊಂದ್ರೆ ಇಲ್ಲ. ಮದುವೆ ಊಟಕ್ಕೆ ಹೊರಟವನನ್ನ ಒಬ್ಬ ಮುದುಕ ನಾವಿಕ ಅಡ್ಡಗಟ್ಟಿ ನಿಲ್ಲಿಸ್ತಾನೆ, ತಾನು ಆಲ್ಬಟ್ರಾಸ್ ಹಕ್ಕಿ ಹೊಡೆದಿದ್ದು, ಹಡಗು ಕಡಲ ನಡುವೆ ಕದಲದೆ ನಿಂತಿದ್ದು, ಜೊತೆಗಿದ್ದ ಇನ್ನೂರು ಜನ ಸತ್ತಿದ್ದು ಎಲ್ಲಾ ಹೇಳ್ತಾನೆ, ಕ್ಲಾಸಲ್ಲಿ ಪಿನ್‌ಡ್ರಾಪ್ ಸೈಲೆನ್ಸ್. ಎಡವಟ್ಟು ಶುರುವಾಗೋದು ಛಂದಸ್ಸಿನ ಹತ್ರ ಬಂದಾಗ. ಗೈಡಲ್ಲಿ ಬ್ಯಾಲಡ್ (ಅಂದ್ರೆ ಲಾವಣಿ) ಮೀಟರ್, ಎಬಿಸಿಬಿ ರೈಮ್ ಸ್ಕೀಮ್, ಅಲಿಟರೇಶನ್ (ಒಂದೇ ಅಕ್ಷರದ ಸದ್ದು ಮತ್ತೆ ಮತ್ತೆ ಬರೋದು), ರಿಪಿಟಿಶನ್ ಅಂತ ನಾಲ್ಕು ಹೆಸರು ಬರೆದು ಒಂದೊಂದಕ್ಕೆ ಒಂದೊಂದು ಉದಾಹರಣೆ ಕೊಟ್ಟು ಕೈ ತೊಳ್ಕೊಂಡಿದ್ದಾರೆ. ಸರಿ, ಪ್ರಾಸ ಇದೆ, ಆದ್ರೆ ಅದು ಅಲ್ಲಿ ಏನು ಕೆಲ್ಸ ಮಾಡ್ತಿದೆ ಅಂತ ಒಬ್ಬ ಹುಡುಗಿ ಕೇಳಿದ್ಲು. ನ್ಯಾಯವಾದ ಪ್ರಶ್ನೆ.

ನಂಗೆ ಅನ್ಸೋದು ಇಷ್ಟು: ಈ ಪದ್ಯದಲ್ಲಿ ಹಡಗು ಓಡೋವಾಗ ಒಳಪ್ರಾಸ, ಅಂದ್ರೆ ಒಂದೇ ಸಾಲಿನ ಒಳಗಿನ ಪ್ರಾಸ, ಜಾಸ್ತಿ ಬರುತ್ತೆ, ಹಡಗು ನಿಂತಾಗ ಪ್ರಾಸಕ್ಕಿಂತ ಪದಗಳೇ ಮರಳಿ ಮರಳಿ ಬರ್ತವೆ. ಇದು ನಿಜಾನಾ, ನಾನು ಸುಮ್ನೆ ಕಲ್ಪಿಸ್ಕೊಳ್ತಿದೀನಾ? ಛಂದಸ್ಸು ಗೊತ್ತಿರೋರು, ಕಡಲು ಗೊತ್ತಿರೋರು ಇಬ್ರೂ ಹೇಳಿ.

ಮಾತ್ರೆಗಣ:
ಮೊದ್ಲು ಲಯದ ವಿಷಯ ಮುಗಿಸೋಣ, ಯಾಕಂದ್ರೆ ನಮ್ಮೋರು ಇಂಗ್ಲಿಷ್ ಪದ್ಯಕ್ಕೂ ಮಾತ್ರೆ ಎಣಿಸೋಕೆ ಹೋಗಿ ತಲೆ ಕೆಡಿಸ್ಕೊಳ್ತಾರೆ. ಅಲ್ಲಿ ಲೆಕ್ಕ ಲಘು ಗುರುವಿನದ್ದಲ್ಲ, ಒತ್ತಿನದ್ದು, ಅಂದ್ರೆ ಹೇಳೋವಾಗ ದನಿ ಎಲ್ಲೆಲ್ಲಿ ಜೋರಾಗಿ ಬೀಳುತ್ತೆ ಅನ್ನೋದು. ಮೇಜಿನ ಮೇಲೆ ಬೆರಳಲ್ಲಿ ತಟ್ಕೊಂಡು ಓದಿ:

ಇಟ್ ಈಸ್ ಆ್ಯನ್ ಏನ್ಷಿಯೆಂಟ್ ಮ್ಯಾರಿನರ್
ಆ್ಯಂಡ್ ಹಿ ಸ್ಟಾಪೆತ್ ಒನ್ ಆಫ್ ಥ್ರೀ

ಮೊದಲ್ನೇ ಸಾಲಲ್ಲಿ ಈಸ್, ಏನ್, ಮ್ಯಾ, ನರ್ ಅಂತ ನಾಲ್ಕು ಪೆಟ್ಟು. ಎರಡನೇದ್ರಲ್ಲಿ ಸ್ಟಾ, ಒನ್, ಥ್ರೀ ಅಂತ ಮೂರು. ಆಮೇಲೆ ಮತ್ತೆ ನಾಲ್ಕು, ಮತ್ತೆ ಮೂರು. ಮೂರು ಪೆಟ್ಟಿನ ಸಾಲು ಮುಗಿದ ಮೇಲೆ ನಾಲ್ಕನೇದು ಮೌನದಲ್ಲಿ ಬೀಳುತ್ತೆ, ನೀವು ತಟ್ತಾ ಇದ್ರೆ ಬೆರಳೇ ಹೇಳುತ್ತೆ. ಷಟ್ಪದಿಯ ಮೂರನೇ ಸಾಲು ಗುರುವಿನ ಮೇಲೆ ನಿಂತಾಗ ಗಮಕಿಗಳು ಒಂಚೂರು ಉಸಿರು ತಗೊಳ್ತಾರಲ್ಲ, ಆ ಥರದ ಜಾಗ ಅದು. ಪ್ರಾಸ ಬೀಳೋದೂ ಆ ಮೌನಕ್ಕೆ ಮುಂಚೆ, ಎರಡನೇ ಮತ್ತು ನಾಲ್ಕನೇ ಸಾಲಿನ ಕೊನೇಲಿ ಮಾತ್ರ. ಒಂದು ಮತ್ತು ಮೂರನೇ ಸಾಲಿನ ಕೊನೇಲಿ ಸಾಮಾನ್ಯವಾಗಿ ಪ್ರಾಸ ಇಲ್ಲ.

ಇನ್ನೊಂದು ಸುಲಭ ಪರೀಕ್ಷೆ ಇದೆ. ‘ಅಮೇಜಿಂಗ್ ಗ್ರೇಸ್’ ಧಾಟಿ ಎಲ್ಲರಿಗೂ ಗೊತ್ತಲ್ವಾ, ಆ ಧಾಟಿಗೆ ಮ್ಯಾರಿನರ್ ಪದ್ಯ ಹಾಡಿ ನೋಡಿ, ಹೆಚ್ಚುಕಮ್ಮಿ ಕೂತ್ಕೊಳ್ಳುತ್ತೆ. ಎರಡೂ ಒಂದೇ ಅಳತೆ. ಆ ಪ್ರಾರ್ಥನೆ ಬರೆದ ಜಾನ್ ನ್ಯೂಟನ್ ಕೂಡ ಹಡಗಿನ ಕ್ಯಾಪ್ಟನ್ ಆಗಿದ್ದವನೇ, ಅದೂ ಗುಲಾಮರನ್ನ ಸಾಗಿಸೋ ಹಡಗಿನವನು. 1779ರಲ್ಲಿ ಅದು ಅಚ್ಚಾಯ್ತು, ಮ್ಯಾರಿನರ್ ಬಂದಿದ್ದು 1798ರಲ್ಲಿ.

ಡೆಕ್_ಕೆಡೆಟ್:
ನಾನು ಸಾಹಿತ್ಯದವನಲ್ಲ, ಮರ್ಚೆಂಟ್ ನೇವಿ. ಆದ್ರೆ ಈ ಪದ್ಯದಲ್ಲಿ ಒಂದು ಪುನರುಕ್ತಿ ಇದೆ, ಅದನ್ನ ಸಾಹಿತ್ಯದ ಮೇಷ್ಟ್ರುಗಳು ಓದಿ ಹಾಗೇ ದಾಟಿ ಹೋಗ್ತಾರೆ, ನಮಗೆ ಕೈಯಲ್ಲಿ ಚಾರ್ಟ್ ಇಟ್ಟಂಗೆ ಕಾಣುತ್ತೆ.

ಮೊದಲ ಭಾಗದಲ್ಲಿ ಸೂರ್ಯ "ಅಪಾನ್ ದ ಲೆಫ್ಟ್" ಅಂತ ಎಡಕ್ಕೆ ಹುಟ್ತಾನೆ, "ಔಟ್ ಆಫ್ ದ ಸೀ ಕೇಮ್ ಹಿ", ಬಲಕ್ಕೆ ಮುಳುಗ್ತಾನೆ, "ವೆಂಟ್ ಡೌನ್ ಇಂಟು ದ ಸೀ". ಎರಡನೇ ಭಾಗ ಶುರುವಾಗೋದೂ ಅದೇ ಚರಣದಿಂದ, ಅದೇ "ಔಟ್ ಆಫ್ ದ ಸೀ ಕೇಮ್ ಹಿ", ಅದೇ "ವೆಂಟ್ ಡೌನ್ ಇಂಟು ದ ಸೀ", ಪ್ರಾಸ ಕೂಡ ಅದೇ. ಆದ್ರೆ ಈಗ ಹುಟ್ಟೋದು ಬಲಕ್ಕೆ, ಮುಳುಗೋದು ಎಡಕ್ಕೆ. ಅಂದ್ರೇನು? ಮೊದ್ಲು ಹಡಗು ಅಟ್ಲಾಂಟಿಕ್‌ನಲ್ಲಿ ದಕ್ಷಿಣಕ್ಕೆ ಮುಖ ಮಾಡಿತ್ತು, ಪೂರ್ವ ಎಡಗೈಗೆ. ಈಗ ದಕ್ಷಿಣ ಅಮೆರಿಕದ ತುದಿ ಸುತ್ತಿ ಪೆಸಿಫಿಕ್‌ಗೆ ಬಂದು ಉತ್ತರಕ್ಕೆ ತಿರುಗಿದೆ, ಪೂರ್ವ ಬಲಗೈಗೆ. ಕೇಪ್ ಹಾರ್ನ್ ಅಂತ ಪದ್ಯದಲ್ಲಿ ಎಲ್ಲೂ ಬಾಯಿಬಿಟ್ಟು ಹೇಳಲ್ಲ. ಎರಡು ಪದ ಅದಲುಬದಲು ಮಾಡಿ ಒಂದು ಖಂಡದ ತುದಿ ಸುತ್ತಿಸಿಬಿಟ್ಟ.

ಗಂಗೊಳ್ಳಿ_ಹುಡ್ಗ:
ಅಬ್ಬಾ, ಇದು ಗೊತ್ತೇ ಇರ್ಲಿಲ್ಲ ಮಾರಾಯ್ರೆ. ಕಾಲೇಜಲ್ಲಿ ಓದಿದ್ದೆ, ಅಲ್ಲಿ ಸನ್ ಅಂದ್ರೆ ದೇವರ ಸಿಂಬಲ್ ಅಂತ ಬರ್ಸಿದ್ರು ಅಷ್ಟೇ.

ಸಿಟ್ಟಿನ_ಮೇಷ್ಟ್ರು:
ಎಡ ಬಲ ಸರಿ, ಒಪ್ಪಿದೆ. ಆದ್ರೆ ಮೂಲ ಪ್ರಶ್ನೆಗೆ ನನ್ನ ತಕರಾರಿದೆ. ಬ್ಯಾಲಡ್ ಅಂದ್ರೇನೇ ಮರಳಿ ಹೇಳೋದು. ಜನಪದದಲ್ಲಿ ಹಾಡೋನಿಗೆ ನೆನಪಿರ್ಲಿ, ಕೇಳೋನಿಗೆ ತಪ್ಪಿಹೋಗದೇ ಇರ್ಲಿ ಅಂತ ಸಾಲು ತಿರುಗಿ ತಿರುಗಿ ಬರುತ್ತೆ. ಗೋವಿನ ಹಾಡಲ್ಲಿ ಕರು "ಆರ ಮೊಲೆಯನು ಕುಡಿಯಲಮ್ಮ, ಆರ ಬಳಿಯಲಿ ಮಲಗಲಮ್ಮ" ಅಂತ ಕೇಳುತ್ತಲ್ಲ, ಅಲ್ಲಿ "ಆರ" "ಅಮ್ಮ" ಮರಳಿ ಬಂದ್ರೆ ಅದು ಹಾಡಿನ ರೂಢಿ. ಕೋಲ್‌ರಿಜ್ ಆ ರೂಢಿಯನ್ನ ಅನುಕರಣೆ ಮಾಡ್ದ. ಹಡಗು ನಿಂತ್ರೆ ಪದ ನಿಲ್ಲುತ್ತೆ, ಹಡಗು ಓಡಿದ್ರೆ ಪ್ರಾಸ ಓಡುತ್ತೆ ಅನ್ನೋದೆಲ್ಲ ನಾವು ಆಮೇಲೆ ಕೂತು ಹೆಣೆದಿದ್ದು.

ಶರಾವತಿ_ದಂಡೆ:
ಮೇಷ್ಟ್ರೇ, ಗೋವಿನ ಹಾಡಿನ ಉದಾಹರಣೆ ನೀವೇ ಕೊಟ್ರಿ, ಅದೇ ನಿಮ್ಮ ವಾದಕ್ಕೆ ಅಡ್ಡ ಬರುತ್ತೆ. ಅಲ್ಲಿ ಆ "ಆರ" ಎಲ್ಲಾ ಕಡೆ ಬರಲ್ಲ, ಕರುವಿಗೆ ಇನ್ಮುಂದೆ ಗತಿಯಿಲ್ಲ ಅಂತ ಗೊತ್ತಾದ ಘಳಿಗೇಲಿ ಮಾತ್ರ ಬರುತ್ತೆ. ರೂಢಿ ಇರ್ಬಹುದು, ಆದ್ರೆ ಎಲ್ಲಿ ತರ್ಬೇಕು ಅನ್ನೋದು ಹಾಡು ಕಟ್ಟಿದೋನ ಕೈಯಲ್ಲಿದೆ.

ನನ್ನ ಊಹೆಗೆ ಆಧಾರ ಎರಡನೇ ಭಾಗದಲ್ಲಿ ಸಾಲಾಗಿ ಬರೋ ಐದು ಚರಣ. ಮೊದಲ್ನೇದು:

ದ ಫೇರ್ ಬ್ರೀಜ್ ಬ್ಲೂ, ದ ವೈಟ್ ಫೋಮ್ ಫ್ಲೂ,
ದ ಫರೋ ಫಾಲೋಡ್ ಫ್ರೀ;
ವಿ ವರ್ ದ ಫಸ್ಟ್ ದಟ್ ಎವರ್ ಬರ್ಸ್ಟ್
ಇಂಟು ದಟ್ ಸೈಲೆಂಟ್ ಸೀ.

ಗಾಳಿ ಬೀಸ್ತಿದೆ. ಬ್ಲೂ ಫ್ಲೂ, ಫಸ್ಟ್ ಬರ್ಸ್ಟ್, ಸಾಲಿನ ಒಳಗೇ ಪ್ರಾಸ, ಮೇಲಿಂದ ಫಕಾರದ ಸುರಿಮಳೆ. ತಕ್ಷಣ ಮುಂದಿನ ಚರಣ:

ಡೌನ್ ಡ್ರಾಪ್ಟ್ ದ ಬ್ರೀಜ್, ದ ಸೇಲ್ಸ್ ಡ್ರಾಪ್ಟ್ ಡೌನ್,
ಟ್ವಾಸ್ ಸ್ಯಾಡ್ ಆ್ಯಸ್ ಸ್ಯಾಡ್ ಕುಡ್ ಬಿ;
ಆ್ಯಂಡ್ ವಿ ಡಿಡ್ ಸ್ಪೀಕ್ ಓನ್ಲಿ ಟು ಬ್ರೇಕ್
ದ ಸೈಲೆನ್ಸ್ ಆಫ್ ದ ಸೀ!

ಗಾಳಿ ಬಿತ್ತು. ಡೌನ್ ಡ್ರಾಪ್ಟ್, ಡ್ರಾಪ್ಟ್ ಡೌನ್, ಸಾಲು ಮುಂದಕ್ಕೆ ಹೋಗ್ದೆ ಬಂದ ದಾರೀಲೇ ವಾಪಸ್ ತಿರುಗುತ್ತೆ. ಸ್ಯಾಡ್ ಆ್ಯಸ್ ಸ್ಯಾಡ್, ಹೋಲಿಕೆ ಕೊಡೋಕೂ ಬೇರೆ ವಸ್ತು ಸಿಗ್ತಿಲ್ಲ. ಹಿಂದಿನ ಚರಣದಲ್ಲಿ ಸೈಲೆಂಟ್ ಸೀ ಅಂತಿದ್ದದ್ದು ಇಲ್ಲಿ ಸೈಲೆನ್ಸ್ ಆಫ್ ದ ಸೀ. ಆಗ ಆ ಮೌನದ ಕಡಲಿಗೆ ನುಗ್ಗಿದ ಖುಷಿ, ಈಗ ಅದೇ ಮೌನ ಉಸಿರು ಕಟ್ಟಿಸ್ತಿದೆ.

ಆಮೇಲೆ ಮೂರನೇ ಚರಣದಲ್ಲಿ ತಾಮ್ರದ ಆಕಾಶ, ನೆತ್ತಿ ಮೇಲೆ ರಕ್ತದ ಬಣ್ಣದ ಸೂರ್ಯ. ನಾಲ್ಕನೇದು "ಡೇ ಆಫ್ಟರ್ ಡೇ, ಡೇ ಆಫ್ಟರ್ ಡೇ", ಚಿತ್ರದ ಕಡಲಿನ ಮೇಲೆ ಚಿತ್ರದ ಹಡಗಿನಂತೆ ನಿಂತ್ವಿ ಅಂತ, ಪೇಂಟೆಡ್ ಅನ್ನೋದೂ ಎರಡು ಸಲ. ಐದನೇದು ಎಲ್ಲರಿಗೂ ಬಾಯಿಗೆ ಬರೋ "ವಾಟರ್, ವಾಟರ್, ಎವ್ರಿವೇರ್", ಅದ್ರಲ್ಲಿ ಒಂದು ಇಡೀ ಸಾಲು ಹಂಗೇ ಮರಳಿ ಬಂದಿದೆ. ಮೊದಲು ಒಂದು ಪದ, ಆಮೇಲೆ ಅರ್ಧ ಸಾಲು, ಆಮೇಲೆ ಇಡೀ ಸಾಲು. ಇದನ್ನ ರೂಢಿ ಅಂತ ಬಿಟ್ಟುಬಿಡೋಕೆ ನಂಗೆ ಮನಸ್ಸಿಲ್ಲ.

ಮಾತ್ರೆಗಣ:
ಇದಕ್ಕೆ ಒಂದು ಸೇರಿಸ್ತೀನಿ. ಗಾಳಿ ಬಿದ್ದ ಚರಣದ ಮೂರನೇ ಸಾಲು ಇನ್ನೊಮ್ಮೆ ನೋಡಿ, ಸ್ಪೀಕ್ ಮತ್ತು ಬ್ರೇಕ್. ಒಳಪ್ರಾಸ ಬರ್ಬೇಕಾದ ಜಾಗ ಅದು. ಇಂಗ್ಲಿಷ್ ಲಿಪೀಲಿ ಎರಡೂ ಒಂದೇ ಥರ ಮುಗಿಯುತ್ತೆ, ಈಗಿನ ಉಚ್ಚಾರದಲ್ಲಿ ಓದಿದ್ರೆ ಮಾತ್ರ ಸೇರಲ್ಲ. ಕಣ್ಣಿಗೆ ಪ್ರಾಸ, ಕಿವಿಗಲ್ಲ. ನಮ್ಮ ಲಿಪೀಲಿ ಬರೆದ ತಕ್ಷಣ ಬಣ್ಣ ಬಯಲಾಗುತ್ತೆ, ಈ ಥರದ ಕಣ್ಣಿನ ಪ್ರಾಸ ಕನ್ನಡದಲ್ಲಿ ಹುಟ್ಟೋದೇ ಕಷ್ಟ. ಅವನ ಕಾಲದಲ್ಲಿ ಹೇಗೆ ಕೇಳಿಸ್ತಿತ್ತೋ ಬಿಡಿ, ಇವತ್ತು ಓದೋನಿಗಂತೂ ಸರಾಗವಾಗಿ ಬರ್ತಿದ್ದ ಒಳಪ್ರಾಸ ಸರಿಯಾಗಿ ಗಾಳಿ ನಿಂತ ಸಾಲಲ್ಲೇ ಮುಗ್ಗರಿಸುತ್ತೆ.

ಸಿಟ್ಟಿನ_ಮೇಷ್ಟ್ರು:
ಇವತ್ತಿನ ಉಚ್ಚಾರದಿಂದ ಅವತ್ತಿನ ಕವಿಗೆ ಮಾರ್ಕ್ಸ್ ಕೊಡೋ ಹಾಗಿಲ್ಲ. ಆ ಒಂದು ಬಿಟ್ಬಿಡಿ. ಉಳಿದಿದ್ದು ಯೋಚ್ನೆ ಮಾಡೋ ಹಾಗಿದೆ ಅಂತ ಒಪ್ತೀನಿ, ಪೂರ್ತಿ ಅಲ್ಲ. ಹೆಣಗಳು ಬೀಳೋ ಜಾಗದಲ್ಲಿ "ವಿತ್ ಹೆವಿ ಥಂಪ್, ಎ ಲೈಫ್‌ಲೆಸ್ ಲಂಪ್" ಅಂತ ಒಳಪ್ರಾಸ ಇದೆಯಲ್ಲ? ಅಲ್ಲಿ ಹಡಗು ಓಡ್ತಿಲ್ಲ, ನಿಂತಿದೆ.

ಶರಾವತಿ_ದಂಡೆ:
ಹಡಗು ನಿಂತಿದೆ, ಹೆಣ ಬೀಳ್ತಿದೆಯಲ್ಲ ಮೇಷ್ಟ್ರೇ. ಥಂಪ್ ಲಂಪ್ ಅನ್ನೋದು ಹಲಗೆಗೆ ಮೈ ಬಡಿದ ಸದ್ದು. ಹಡಗೇ ಅಂತಲ್ಲ, ಏನಾದ್ರೂ ಅಲುಗಾಡಿದಾಗ ಒಳಪ್ರಾಸ ಬರುತ್ತೆ ಅನ್ನೋಣ. ಮಂಜುಗಡ್ಡೆ ಚರಣದಲ್ಲೂ ಹಾಗೇ, "ದಿ ಐಸ್ ವಾಸ್ ಹಿಯರ್, ದಿ ಐಸ್ ವಾಸ್ ದೇರ್" ಅಂತ ಸುತ್ತುವರಿದಾಗ ಪದ ಮರಳುತ್ತೆ, ಆ ಮಂಜು ಸಿಡಿದು ಗುಡುಗಿದಾಗ "ಗ್ರೌಲ್ಡ್, ಹೌಲ್ಡ್" ಅಂತ ಪ್ರಾಸ ಬರುತ್ತೆ. ಒಂದೇ ಚರಣದಲ್ಲಿ ಎರಡೂ ಇದೆ.

ಎಂಎ_ಇಂಗ್ಲಿಷ್:
ಫರೋ ಫಾಲೋಡ್ ಫ್ರೀ (ಹಡಗಿನ ಹಿಂದಿನ ನೀರಿನ ಸಾಲು ಸರಾಗವಾಗಿ ಹಿಂಬಾಲಿಸ್ತು) ಬಗ್ಗೆ ಯಾರೂ ಹೇಳ್ಲಿಲ್ಲವಲ್ಲ! ಛಂದಸ್ಸಿನ ಮೇಲೆ ಆಸಕ್ತಿ ಇರೋರಿಗೆ ಇದಕ್ಕಿಂತ ಒಳ್ಳೆ ಕಥೆ ಸಿಗಲ್ಲ.

1798ರಲ್ಲಿ ಪದ್ಯ ‘ಲಿರಿಕಲ್ ಬ್ಯಾಲಡ್ಸ್’ ಪುಸ್ತಕದ ಮೊದಲ ಪದ್ಯವಾಗಿ ಬಂತು. ಬರೆಯೋವಾಗ ಕೋಲ್‌ರಿಜ್‌ಗೆ ಹಡಗಿನ ಅನುಭವ ಅನ್ನೋದು ಇರ್ಲೇ ಇಲ್ಲ ಅನ್ಬಹುದು. ಆಲ್ಬಟ್ರಾಸ್ ಕೊಲ್ಲೋ ಪ್ರಸಂಗ ಕೂಡ ಅವನ ಕವಿಗೆಳೆಯ ವರ್ಡ್ಸ್‌ವರ್ತ್ ಹೇಳಿದ ಸಲಹೆ, ಅವನು ಶೆಲ್ವಾಕ್ ಅನ್ನೋ ನಾವಿಕನ ಪ್ರವಾಸಕಥನದಲ್ಲಿ ಓದಿದ್ದು. ಪುಸ್ತಕ ಬಂದ ಹೊತ್ತಿಗೆ ಕೋಲ್‌ರಿಜ್ ಯಾರ್ಮತ್‌ನಿಂದ ಜರ್ಮನಿಗೆ ಹಡಗು ಹತ್ತಿದ, 1804ರಲ್ಲಿ ಮಾಲ್ಟಾದವರೆಗೂ ಹೋದ. ಆಮೇಲೆ 1817ರಲ್ಲಿ ಪದ್ಯ ಮತ್ತೆ ಅಚ್ಚು ಮಾಡ್ಸೋವಾಗ ಆ ಸಾಲನ್ನೇ ಬದಲಾಯಿಸಿಬಿಟ್ಟ, "ದ ಫರೋ ಸ್ಟ್ರೀಮ್ಡ್ ಆಫ್ ಫ್ರೀ" ಅಂತ. ಕಾರಣಾನೂ ಕೆಳಗೆ ಟಿಪ್ಪಣಿ ಹಾಕಿ ಬರೆದ: ಹಡಗಿನ ಹಿಂದಿನ ನೀರಿನ ಸಾಲು ಹಿಂಬಾಲಿಸಿದ ಹಾಗೆ ಕಾಣೋದು ದಡದಲ್ಲಿ ನಿಂತವನಿಗೋ ಬೇರೆ ಹಡಗಲ್ಲಿ ಇರೋನಿಗೋ, ಹಡಗಿನ ಮೇಲೇ ಇರೋನಿಗೆ ಅದು ಹಿಂಭಾಗದಿಂದ ತೊರೆಯ ಥರ ಹರಿದು ದೂರ ಹೋದಂತೆ ಕಾಣುತ್ತೆ ಅಂತ.

ಕಣ್ಣಿಗೆ ಸರಿ ಆಯ್ತು, ಕಿವಿಗೆ ಕೆಟ್ಟೋಯ್ತು. ಮೂರು ಫಕಾರದ ಓಟಕ್ಕೆ ನಡುವೆ ಸ್ಟ್ರೀಮ್ಡ್ ಅನ್ನೋ ಕಲ್ಲು. ಕೊನೆಗೆ ಅವನೇ ಮುಂದಿನ ಆವೃತ್ತಿಗಳಲ್ಲಿ ಫಾಲೋಡ್ ಫ್ರೀ ವಾಪಸ್ ತಂದ. ಈಗ ನಾವೆಲ್ಲಾ ಓದೋದು ಅದನ್ನೇ.

ಡೆಕ್_ಕೆಡೆಟ್:
ಟಿಪ್ಪಣಿ ನೂರಕ್ಕೆ ನೂರು ಸರಿ. ವೇಕ್ ಅಂತೀವಿ ನಾವು ಅದಕ್ಕೆ. ಹಿಂದಿನ ಡೆಕ್ಕಲ್ಲಿ ನಿಂತು ಕೆಳಗೆ ನೋಡಿದ್ರೆ ಪ್ರೊಪೆಲ್ಲರ್ ಕಡೆದ ಬಿಳಿ ನೀರು ನಮ್ಮನ್ನ ಬಿಟ್ಟು ಹೋಗ್ತಾನೇ ಇರುತ್ತೆ. ಹಿಂಬಾಲಿಸ್ತಿದೆ ಅಂತ ಯಾವತ್ತೂ ಅನ್ಸಿಲ್ಲ.

ಗಂಗೊಳ್ಳಿ_ಹುಡ್ಗ:
ಬೋಟಲ್ಲೂ ಹಂಗೇ. ಚಿಕ್ಕೋರಿದ್ದಾಗ ಚಿಕ್ಕಪ್ಪನ ಬೋಟ್ ಹಿಂದೆ ಕೂತ್ಕಂಡು ನೋಡ್ತಿದ್ವಿ, ನೊರೆ ಎರಡು ಬದಿಗೆ ಅಗಲ ಆಗ್ತಾ ಆಗ್ತಾ ದೂರ ಹೋಗಿ ಕರಗ್ತಿತ್ತು. ಬೆನ್ನು ಹತ್ತಿ ಬರೋದು ಕಡಲಕಾಗೆ ಮಾತ್ರ, ಅದೂ ಮೀನಿದ್ರೆ. ಆದ್ರೆ ನಂಗೆ ಫಾಲೋಡೇ ಇಷ್ಟ. ಎಂತಕ್ಕೆ ಅಂದ್ರೆ ಓದುವಾಗ ಬಾಯಿಗೆ ಗಾಳಿ ಹೊಡಿತ್ತ್, ಫ ಫ ಫ ಅಂದೇಳಿ.

ಧಾರವಾಡ_ಪೇಢಾ:
ಸತ್ಯ ಬೇಕೋ ಸದ್ದು ಬೇಕೋ ಅಂದಾಗ ಕವಿ ಸದ್ದ ಆರಿಸ್ಕೊಂಡ ಅಂತಾತು. ನನಗ ಇದು ಚೂರು ಬ್ಯಾಸರ ತರಸ್ತದ ನೋಡ್ರಿ. ತಾನ ಕಣ್ಣಾರೆ ನೋಡಿ ತಿದ್ದಿದ್ದು ಬಿಟ್ಟು ಮತ್ತ ಹಳೇದಕ್ಕ ಹೋಗೂದು ಅಂದ್ರ ಏನು?

ಎಂಎ_ಇಂಗ್ಲಿಷ್:
ಅಷ್ಟು ಕಟುವಾಗಿ ನೋಡ್ಬೇಕಿಲ್ಲ ಸರ್. ಈ ಪದ್ಯದಲ್ಲಿ ಹಡಗನ್ನ ಯಾವುದೋ ಒಂದು ಸದಾ ಬೆನ್ನಟ್ತಿರುತ್ತೆ. ಮೊದ್ಲು ಬಿರುಗಾಳಿ ಅಟ್ಟಿಸ್ಕೊಂಡು ಬರುತ್ತೆ, ಆಮೇಲೆ ಆಲ್ಬಟ್ರಾಸ್ ದಿನಾ ಆಟಕ್ಕೆ ಊಟಕ್ಕೆ ಹಿಂದೆ ಬರುತ್ತೆ, ಅದು ಸತ್ತ ಮೇಲೆ "ನೋ ಸ್ವೀಟ್ ಬರ್ಡ್ ಡಿಡ್ ಫಾಲೋ" ಅಂತಾನೆ, ಮತ್ತೆ ಮಂಜು ಹಿಮದ ನಾಡಿನ ಪ್ರೇತ ನೀರಿನಡಿ ಹಿಂಬಾಲಿಸುತ್ತೆ. ಫಾಲೋ ಅನ್ನೋ ಪದ ಹಕ್ಕಿಗೆ ಬಂದ ಮೇಲೆ ಮುಂದಿನ ಮೂರನೇ ಚರಣಕ್ಕೇ ನೀರಿನ ಸಾಲಿಗೂ ಬರುತ್ತೆ. ಹಕ್ಕಿ ಹಿಂದೆ ಬರೋದು ನಿಂತ ಮೇಲೆ ಬರೀ ನೀರು ಹಿಂದೆ ಬರ್ತಿದೆ. ನಾವಿಕನ ಕಣ್ಣಿಗೆ ತಪ್ಪು, ತಪ್ಪಿತಸ್ಥನ ಬೆನ್ನಿಗೆ ಸರಿ.

ಸಿಟ್ಟಿನ_ಮೇಷ್ಟ್ರು:
ಇದು ಚೆನ್ನಾಗಿದೆ. ಇದನ್ನ ಗೈಡಲ್ಲಿ ಯಾಕೆ ಹಾಕಲ್ಲ.

ಡೆಕ್_ಕೆಡೆಟ್:
ಗಾಳಿ ನಿಲ್ಲೋ ಜಾಗದ ಬಗ್ಗೆ ಎರಡು ಮಾತು. ಮೊದಲ ಭಾಗದಲ್ಲಿ ಸೂರ್ಯ ದಿನಾ ಮೇಲೆ ಮೇಲೆ ಬಂದು "ಓವರ್ ದ ಮಾಸ್ಟ್ ಅಟ್ ನೂನ್" ಅಂತ ಮಧ್ಯಾಹ್ನ ಕೂವೆಮರದ ನೆತ್ತಿಗೆ ನಿಲ್ತಾನೆ, ಅಂದ್ರೆ ಹಡಗು ಭೂಮಧ್ಯರೇಖೆ ಹತ್ರ ಬಂತು. ಎರಡನೇ ಭಾಗದಲ್ಲಿ ಮತ್ತೆ ಅದೇ ನೂನ್, ಅದೇ ಮಾಸ್ಟ್, ಈಗ ಪೆಸಿಫಿಕ್ ಕಡೆಯಿಂದ ಮತ್ತೆ ರೇಖೆ ಹತ್ರ. ಅಲ್ಲಿ ಡೋಲ್ಡ್ರಮ್ಸ್ ಅಂತ ಒಂದು ಪಟ್ಟಿ ಇದೆ, ಎರಡು ಕಡೆಯ ವ್ಯಾಪಾರ ಮಾರುತಗಳು ಸೇರೋ ಜಾಗ, ಬಿಸಿ ಗಾಳಿ ನೇರ ಮೇಲಕ್ಕೆ ಏರಿ ಹೋಗುತ್ತೆ, ನೀರಿನ ಮಟ್ಟದಲ್ಲಿ ಬೀಸೋದೇ ಇಲ್ಲ. ಹಾಯಿ ಹಡಗಿನ ಕಾಲದಲ್ಲಿ ವಾರಗಟ್ಟಲೆ ಸಿಕ್ಕಿಹಾಕ್ಕೊಳ್ತಿದ್ರು. ನಮಗೆ ಎಂಜಿನ್ ಇದೆ, ಸೆಖೆ ಒಂದೇ ಸಮಸ್ಯೆ.

ಎಂಎ_ಇಂಗ್ಲಿಷ್:
ಕೆಡೆಟ್, ನೀವು ಹೇಳಿದ ನೂನ್ ಜೊತೆ ಯಾವ ಪ್ರಾಸ ಇದೆ ಅಂತ ನೋಡಿ, ಮಜಾ ಇದೆ. ಮೊದಲ ಸಲ ನೂನ್‌ಗೆ ಪ್ರಾಸ ಬಸೂನ್. ಅದೇ ಮದುವೆ ಮನೆ ವಾದ್ಯ, ಅದರ ಸದ್ದು ಕೇಳಿ ಅತಿಥಿ ಎದೆ ಬಡ್ಕೊಳ್ತಾನೆ, ಅಯ್ಯೋ ನಂಗೆ ಹೊತ್ತಾಯ್ತು ಅಂತ. ಎರಡನೇ ಸಲ ನೂನ್‌ಗೆ ಪ್ರಾಸ ಮೂನ್, ಆ ರಕ್ತವರ್ಣದ ಸೂರ್ಯ ಚಂದ್ರನಿಗಿಂತ ದೊಡ್ಡದಾಗಿರ್ಲಿಲ್ಲ ಅಂತ. ಪ್ರಾಸದ ಒಂದು ಕೈ ಮೊದಲು ಊರಿನ ಮದುವೇನ ಹಿಡ್ಕೊಂಡಿತ್ತು, ಅದು ಜಾರಿ ಈಗ ಬರೀ ಆಕಾಶ ಉಳೀತು. ಎರಡನೇ ಭಾಗ ಪೂರ್ತಿ ಅತಿಥಿಯ ಒಂದು ಮಾತೂ ಇಲ್ಲ ಅನ್ನೋದನ್ನೂ ಗಮನಿಸಿ.

ಗಂಗೊಳ್ಳಿ_ಹುಡ್ಗ:
ಒಂದು ಡೌಟು. ನಮ್ ಬದಿಯಲ್ಲಿ ಬಲೆ ಎಳೀವಾಗ ಒಬ್ಬ ಎತ್ತಿ ಹಾಡೂದು, ಉಳಿದೋರು ಐಲೇಸಾ ಅಂತ ಒಟ್ಟಿಗೆ ಎಳೂದು. ಇಂಗ್ಲಿಷಲ್ಲೂ ಹಡಗಿನವರ ಹಾಡು ಇತ್ತಲ್ಲ, ಶಾಂಟಿ ಅಂದೇಳಿ. ಈ ಪದ್ಯದ ಲಯ ಅದ್ರಿಂದ ಬಂದದ್ದಾ?

ಮಾತ್ರೆಗಣ:
ಇಲ್ಲ ಅನ್ನಿಸುತ್ತೆ. ಶಾಂಟಿ ಅಂದ್ರೆ ಕೆಲಸದ ಹಾಡು, ಪೆಟ್ಟು ಬೀಳೋ ಜಾಗದಲ್ಲೇ ಹಗ್ಗ ಎಳೀಬೇಕು, ಗುಂಪು ಉತ್ತರ ಕೊಡ್ಬೇಕು. ನಿಮ್ಮ ಐಲೇಸಾ ಆ ಜಾತಿ. ಮ್ಯಾರಿನರ್ ಪದ್ಯದಲ್ಲಿ ಉತ್ತರ ಕೊಡೋ ಗುಂಪೇ ಇಲ್ಲ, ಎಲ್ಲಾ ಸತ್ತಿದ್ದಾರೆ. ಒಬ್ಬನೇ ಕೂತು ಹೇಳೋ ಕಥೆ. "ಅಲೋನ್, ಅಲೋನ್, ಆಲ್, ಆಲ್ ಅಲೋನ್, ಅಲೋನ್ ಆನ್ ಎ ವೈಡ್ ವೈಡ್ ಸೀ" ಅಂತಾನಲ್ಲ, ಅಲ್ಲಿ ಅವನ ಪದವನ್ನ ಎತ್ಕೊಂಡು ಮರಳಿ ಹೇಳೋಕೆ ಅವನೇ ಗತಿ. ಲಕಾರ ನಕಾರ ಬಿಟ್ರೆ ಆ ಮೊದಲ ಸಾಲಲ್ಲಿ ವ್ಯಂಜನ ಇಲ್ಲ, ಬಾಯಿ ತೆರೆದು ಸ್ವರ ಎಳೀಬೇಕು ಅಷ್ಟೇ. ಇದನ್ನ ಬೇಗ ಓದಿ ತೋರ್ಸಿ ನೋಡೋಣ, ಆಗಲ್ಲ. ಈ ಪದ್ಯದ ಲಯಕ್ಕೆ ಮೂಲ ಹಳೇ ಇಂಗ್ಲಿಷ್ ಸ್ಕಾಟಿಷ್ ಲಾವಣಿಗಳ ಧಾಟಿ.

ಧಾರವಾಡ_ಪೇಢಾ:
ಇಷ್ಟೆಲ್ಲಾ ಹೇಳಿದ್ರಿ, ಕನ್ನಡದಾಗ ಈ ನಾಲ್ಕು ಮೂರರ ನಡಿಗಿ ಆಗ್ತದೇನು? ಬಿಎಂಶ್ರೀ ಅವರು ಇಂಗ್ಲಿಷ್ ಗೀತಗಳೊಳಗ ಇಂಥಾ ಪ್ರಯೋಗ ಮಾಡ್ಯಾರಲ್ಲ.

ಮಾತ್ರೆಗಣ:
ಆಗುತ್ತೆ, ಬೇರೆ ದಾರೀಲಿ. ಬಿಎಂಶ್ರೀ ಮಾಡಿದ್ದನ್ನೇ ನೋಡಿ. ‘ಕರುಣಾಳು ಬಾ ಬೆಳಕೆ’ ಇದೆಯಲ್ಲ, ಅದರ ಇಂಗ್ಲಿಷ್ ಮೂಲ ‘ಲೀಡ್ ಕೈಂಡ್ಲಿ ಲೈಟ್’ ಹುಟ್ಟಿದ್ದೂ ಹಡಗಲ್ಲೇ. ಅದನ್ನ ಬರೆದ ಇಂಗ್ಲೆಂಡಿನ ಪಾದ್ರಿ ನ್ಯೂಮನ್ 1833ರಲ್ಲಿ ಕಿತ್ತಳೆ ಹಣ್ಣು ಹೊತ್ತ ಹಡಗಲ್ಲಿ ಪಾಲೆರ್ಮೊದಿಂದ ಮಾರ್ಸೇಲ್‌ಗೆ ಹೋಗೋವಾಗ ಬೊನಿಫಾಸಿಯೊ ಜಲಸಂಧಿ ಹತ್ರ ಗಾಳಿ ಬಿದ್ದು ಸಿಕ್ಕಾಕ್ಕೊಂಡಿದ್ದ, ಆಗ ಬರೆದಿದ್ದು. ನಮ್ಮ ಶಾಲೆಗಳಲ್ಲಿ ಅಷ್ಟು ಹಾಡ್ತಾರೆ, ಅದು ಗಾಳಿ ನಿಂತ ಹಡಗಿನ ಪದ್ಯ ಅಂತ ಎಷ್ಟು ಜನಕ್ಕೆ ಗೊತ್ತೋ. ಮೂಲದಲ್ಲಿ ಒಂದು ಉದ್ದ ಸಾಲು ಒಂದು ಗಿಡ್ಡ ಸಾಲು. ಕನ್ನಡದಲ್ಲಿ:

ಕರುಣಾಳು, ಬಾ, ಬೆಳಕೆ, ಮುಸುಕಿದೀ ಮಬ್ಬಿನಲಿ
ಕೈ ಹಿಡಿದು ನಡೆಸೆನ್ನನು

ಕರುಣಾಳು, ಬಾಬೆಳಕೆ, ಮುಸುಕಿದೀ, ಮಬ್ಬಿನಲಿ, ಐದೈದು ಮಾತ್ರೆಯ ನಾಲ್ಕು ಗಣ. ಗಿಡ್ಡ ಸಾಲಲ್ಲಿ ಐದರ ಎರಡು ಗಣ, ಮೇಲೆ ಒಂದು ನು, ಆಮೇಲೆ ಮೌನ. ಒತ್ತಿನ ಲೆಕ್ಕವನ್ನ ಒತ್ತಾಗಿ ತರೋಕೆ ಹೋಗ್ಲಿಲ್ಲ, ಉದ್ದ ಗಿಡ್ಡದ ಉಸಿರಾಟ ಮಾತ್ರ ಉಳಿಸ್ಕೊಂಡ್ರು. "ಕೈ ಹಿಡಿದು ನಡೆಸೆನ್ನನು" ಮರಳಿ ಬರೋದೂ ಮೂಲದ ಹಾಗೇ.

ಅದೇ ಉಪಾಯದಲ್ಲಿ ನೀರಿನ ಚರಣಕ್ಕೆ ನಾನೊಂದು ಕೈ ನೋಡ್ದೆ, ಬೈಬೇಡಿ:

ನೀರೋ ನೀರು ಸುತ್ತಾ ನೀರು
ಸೇರಿದ ಹಲಗೆ ಸೊರಗಿ
ನೀರೋ ನೀರು ಸುತ್ತಾ ನೀರು
ಆರದು ಬಾಯ ಬೇಗೆ

ನಾಲ್ಕು ಮೂರು ನಾಲ್ಕು ಮೂರು ಮಾತ್ರೆ ಉದ್ದ ಸಾಲು, ನಾಲ್ಕು ಮೂರು ಮೂರು ಗಿಡ್ಡ ಸಾಲು. ಅಂತ್ಯಪ್ರಾಸ ಬೇಕಂತಲೇ ಬಿಟ್ಟೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರೋದ್ರಿಂದ ಸೊರಗಿತು ಕೊರಗಿತು ಮರುಗಿತು ಅಂತ ಬೇಕಾದಷ್ಟು ಅಂತ್ಯಪ್ರಾಸ ಪುಕ್ಕಟೆ ಸಿಗುತ್ತೆ, ಪುಕ್ಕಟೆ ಸಿಕ್ಕಿದ್ದಕ್ಕೆ ತೂಕ ಇಲ್ಲ. ಅದರ ಬದ್ಲು ಎರಡನೇ ಅಕ್ಷರದ ಪ್ರಾಸ ಇಟ್ಟೆ, ನೀರೋ, ಸೇರಿ, ನೀರೋ, ಆರ. ನಾಲ್ಕರಲ್ಲೂ ಮೊದಲಕ್ಷರ ದೀರ್ಘ, ಹಳಗನ್ನಡದ ಛಂದಸ್ಸುಕಾರ ನಾಗವರ್ಮನ ಲೆಕ್ಕದಲ್ಲಿ ಗಜಪ್ರಾಸ.

ಧಾರವಾಡ_ಪೇಢಾ:
ಪ್ರಾಸ ಛಲೋ ಆಗ್ಯದ. ಆದ್ರ ಸೇರಿದ ಹಲಗಿ ಅಂದ್ರ ಏನ್ರೀ? ಪ್ರಾಸಕ್ಕ ತಂದು ಕುಂಡ್ರಿಸಿದ ಪದ ಅದು, ಎದ್ದು ಕಾಣ್ತದ.

ಡೆಕ್_ಕೆಡೆಟ್:
ಇಲ್ಲ ಸರ್, ಅದು ನಂಗೆ ಸರಿಯಾಗೇ ಕಾಣ್ಸುತ್ತೆ. ಮರದ ಹಡಗಲ್ಲಿ ಹಲಗೆ ಹಲಗೆ ಕೂಡಿಸಿ ಸಂದಿಗೆ ನಾರು, ಡಾಂಬರು ತುಂಬಿರ್ತಾರೆ. ಬಿಸಿಲಿಗೆ ಒಣಗಿ ಕುಗ್ಗಿದ್ರೆ ಮೊದಲು ಬಿಡೋದು ಆ ಕೂಡಿದ ಜಾಗಾನೇ. ಮೂಲದಲ್ಲೂ ಬೋರ್ಡ್ಸ್ ಡಿಡ್ ಶ್ರಿಂಕ್ ಅಂತಲೇ ಇರೋದು. ಸುತ್ತ ನೀರಿದ್ದೂ ಮರ ಒಣಗೋದು ಅಂದ್ರೆ ಎಂಥ ಬಿಸಿಲಿರ್ಬೇಕು ಯೋಚ್ನೆ ಮಾಡಿ.

ಸಿಟ್ಟಿನ_ಮೇಷ್ಟ್ರು:
ಮೂಲದ ಹೊಡೆತ ಇರೋದು ಕೊನೇ ಸಾಲಲ್ಲಿ, ಕುಡಿಯೋಕೆ ಹನಿ ಇಲ್ಲ ಅನ್ನೋದ್ರಲ್ಲಿ. ಬಾಯ ಬೇಗೆ ಅಂದಾಗ ಅದು ಮೆತ್ತಗಾಯ್ತು. ಇನ್ನೊಂದು, ನೀರೋ ನೀರು ಅಂತ ನಾವು ಮಳೆಗಾಲದಲ್ಲಿ ರಸ್ತೆ ನೋಡಿದ್ರೂ ಅಂತೀವಿ. ಜೋಡಿಪದ ನಮ್ಮ ಮಾತಲ್ಲಿ ದಿನಬಳಕೆ, ಅಲ್ಲಿ ಬೆಚ್ಚಿಬೀಳಿಸಿದ ಹಾಗೆ ಇಲ್ಲಿ ಬೀಳಿಸಲ್ಲ. ಸಾಲು ಪೂರ್ತಿ ಮರಳಿದಾಗ ಮಾತ್ರ ನಮಗೆ ತಟ್ಟೋದು.

ಶರಾವತಿ_ದಂಡೆ:
ಆ ಕಾರಣಕ್ಕೇ ಮೂರನೇ ಸಾಲು ಅಕ್ಷರ ಬದಲಾಗದೆ ಮರಳಿ ಬಂದಿದ್ದು ಚೆನ್ನಾಗಿದೆ. ಇನ್ನೊಂದು ಕೇಳ್ಬೇಕಿತ್ತು. ಚರಣ ಎಲ್ಲಾ ನಾಲ್ಕು ಸಾಲಿನದ್ದಲ್ಲ, ಕೆಲವು ಐದು, ಕೆಲವು ಆರು, ಮೂರನೇ ಭಾಗದಲ್ಲಿ ಒಂದು ಒಂಬತ್ತು ಸಾಲಿನದ್ದಿದೆ. ಅಲ್ಲಿ ಲೆಕ್ಕ ತಪ್ಪಿದ್ದಾ?

ಎಂಎ_ಇಂಗ್ಲಿಷ್:
ತಪ್ಪಿಲ್ಲ, ಬೇಕಂತಲೇ. ದೆವ್ವದ ಹಡಗು ಮಾಯವಾಗಿ ಕತ್ತಲೆ ದಢಕ್ಕನೆ ಬಿದ್ದ ಮೇಲಿನ ಚರಣ ಅದು. ಎಲ್ಲಾ ಓರೆಗಣ್ಣಲ್ಲಿ ಮೇಲೆ ನೋಡ್ತಾ ಕೂತಿದ್ದಾರೆ, ಚುಕ್ಕಾಣಿ ಹಿಡಿದವನ ಮುಖ ದೀಪದ ಬೆಳಕಲ್ಲಿ ಬೆಳ್ಳಗೆ ಕಾಣುತ್ತೆ, ಹಾಯಿಯಿಂದ ಇಬ್ಬನಿ ತೊಟ್ಟಿಕ್ಕುತ್ತೆ. ಪ್ರಾಸ ಹೀಗೆ ಬರುತ್ತೆ: ಅಪ್, ಕಪ್, ಸಿಪ್, ನೈಟ್, ವೈಟ್, ಡ್ರಿಪ್, ಬಾರ್, ಸ್ಟಾರ್, ಟಿಪ್. ಎರಡು ಸಾಲು ಜೋಡಿ, ಮೂರನೇದು ಮುಂದಿನ ಮೂರನೇದಕ್ಕೆ ಕಾಯ್ತಾ ಇರುತ್ತೆ. ಸಿಪ್, ಡ್ರಿಪ್, ಟಿಪ್ ಮೂರೂ ಹನಿ ಬಿದ್ದ ಹಾಗೇ ಕೇಳ್ಸುತ್ತೆ. ಮಾಮೂಲಿ ಚರಣ ಮುಗೀಬೇಕಾದ ಜಾಗದಲ್ಲಿ ಮುಗಿಯಲ್ಲ, ಕಾಯಿಸುತ್ತೆ. ಕಾಯೋದೇ ಅಲ್ಲಿನ ವಿಷಯ.

ಮಾತ್ರೆಗಣ:
ಎರಡು ಸಾಲು ಕಳೆದು ಮೂರನೇದಕ್ಕೆ ಬೇರೆ ಅಳತೆ, ಇದು ಷಟ್ಪದಿ ಕಟ್ಟಡವೇ ಅಲ್ವಾ! ವ್ಯತ್ಯಾಸ ಅಂದ್ರೆ ನಮ್ಮಲ್ಲಿ ಮೂರು ಮತ್ತು ಆರನೇ ಸಾಲು ಉದ್ದ, ಅಲ್ಲಿ ಗಿಡ್ಡ. ಭಾಮಿನೀಲಿ ಮೂರನೇ ಸಾಲು ಅಲೆ ಏರಿದ ಹಾಗೆ ಏರಿ ನಿಲ್ಲುತ್ತೆ, ಇಲ್ಲಿ ಉಸಿರು ಹಿಡಿದು ನಿಲ್ಲುತ್ತೆ. ಮಕ್ಕಳಿಗೆ ಕುಮಾರವ್ಯಾಸನ ಒಂದು ಪದ್ಯದ ಪಕ್ಕ ಇಟ್ಟು ತೋರ್ಸಿ, ಕನ್ನಡ ಮೀಡಿಯಂನಿಂದ ಬಂದೋರಿಗೆ ತಟ್ಟನೆ ಹೊಳೆಯುತ್ತೆ.

ಎಂಎ_ಇಂಗ್ಲಿಷ್:
ಅಂದ ಹಾಗೆ ವರ್ಡ್ಸ್‌ವರ್ತ್ 1800ರ ಆವೃತ್ತೀಲಿ ಗೆಳೆಯನ ಪದ್ಯದ ಮೇಲೆ ಒಂದು ಟಿಪ್ಪಣಿ ಬರೆದ, ಇದರಲ್ಲಿ ದೊಡ್ಡ ದೋಷಗಳಿವೆ ಅಂತ ಪಟ್ಟಿ ಮಾಡಿ. ಈ ಅಳತೆ ಉದ್ದ ಪದ್ಯಕ್ಕೆ ಹೊಂದೋದಲ್ಲ ಅಂದ, ಅದೇ ಉಸಿರಲ್ಲಿ ಆದ್ರೂ ಪದ್ಯಬಂಧ ಇಂಪಾಗಿದೆ, ಜಾಣತನದಿಂದ ವೈವಿಧ್ಯ ತಂದಿದ್ದಾನೆ ಅಂತಲೂ ಬರೆದ. ನಾಲ್ಕು ಸಾಲಿನ ನಡುವೆ ಐದು, ಆರು, ಒಂಬತ್ತು ನುಗ್ಗಿಸಿದ್ದು ಆ ವೈವಿಧ್ಯದ ಒಂದು ಭಾಗ. ಆರುನೂರು ಚಿಲ್ಲರೆ ಸಾಲು ಒಂದೇ ಅಚ್ಚಲ್ಲಿ ಎರಕ ಹೊಯ್ದಿದ್ರೆ ನಿದ್ದೆ ಬರ್ತಿತ್ತು.

ಧಾರವಾಡ_ಪೇಢಾ:
ಟಿಪ್ಪಣಿ ಬರೆದು ಗೆಳ್ಯಾನ ಮಾನ ತೆಗೆದಾನ ನೋಡ್ರಿ. ಇಂಥಾ ಗೆಳ್ಯಾರಿದ್ರ ವೈರಿ ಯಾಕ ಬೇಕು.

ಸಿಟ್ಟಿನ_ಮೇಷ್ಟ್ರು:
ನನ್ನ ಕೊನೇ ತಕರಾರು. ಎಲ್ಲಾ ಪುನರುಕ್ತಿಗೂ ಜೈ ಅನ್ಬೇಡಿ. ಕೊನೇಲಿ "ಹಿ ಪ್ರೇಯೆತ್ ವೆಲ್, ಹೂ ಲವೆತ್ ವೆಲ್" ಅಂತ ಬರುತ್ತೆ, ಮುಂದಿನ ಚರಣದಲ್ಲಿ ಅದನ್ನೇ ವೆಲ್ ತೆಗೆದು ಬೆಸ್ಟ್ ಹಾಕಿ ಮತ್ತೆ ಹೇಳ್ತಾನೆ. ಎಡ ಬಲ ಬದಲಾದಾಗ ಭೂಗೋಳವೇ ಬದಲಾಯ್ತು, ಇಲ್ಲಿ ವೆಲ್ ಬೆಸ್ಟ್ ಆದಾಗ ಏನೂ ಬದಲಾಗ್ಲಿಲ್ಲ. ಶಾಲೆ ಗೋಡೆ ಮೇಲೆ ಬರೆಸೋ ಸಾಲು.

ಎಂಎ_ಇಂಗ್ಲಿಷ್:
ಕವಿಗೇ ಆ ಅನುಮಾನ ಇತ್ತು. ಬಾರ್ಬಾಲ್ಡ್ ಅನ್ನೋ ಲೇಖಕಿ ಈ ಪದ್ಯಕ್ಕೆ ನೀತಿಯೇ ಇಲ್ಲ ಅಂದಾಗ, ನನ್ನ ಪ್ರಕಾರ ಇರೋ ನೀತಿಯೇ ಜಾಸ್ತಿ ಆಯ್ತು ಅಂದನಂತೆ. ಆದ್ರೆ ಅಲ್ಲಿಗೆ ಸ್ವಲ್ಪ ಮುಂಚೆ ಹಡಗು ಮುಳುಗೋ ಚರಣ ಓದಿ ಮೇಷ್ಟ್ರೇ, ಸುಳಿಯಲ್ಲಿ ದೋಣಿ "ರೌಂಡ್ ಆ್ಯಂಡ್ ರೌಂಡ್" ತಿರುಗುತ್ತೆ, ಆಮೇಲೆ "ಆ್ಯಂಡ್ ಆಲ್ ವಾಸ್ ಸ್ಟಿಲ್, ಸೇವ್ ದಟ್ ದ ಹಿಲ್ ವಾಸ್ ಟೆಲ್ಲಿಂಗ್ ಆಫ್ ದ ಸೌಂಡ್". ಎಲ್ಲಾ ನಿಂತ ಮೇಲೂ ಸ್ಟಿಲ್‌ಗೆ ಹಿಲ್ ಪ್ರತಿಧ್ವನಿ ಕೊಡುತ್ತೆ.

ಸಿಟ್ಟಿನ_ಮೇಷ್ಟ್ರು:
ಹೌದು, ಅದು ಒಳ್ಳೆ ಚರಣ. ಪ್ರೇಯೆತ್ ವಿಷಯದಲ್ಲಿ ನನ್ನ ಮಾತು ವಾಪಸ್ ತಗೊಳ್ಳಲ್ಲ.

ಗಂಗೊಳ್ಳಿ_ಹುಡ್ಗ:
ನಾನು ಮತ್ತೊಂದ್ಸಲ ಓದ್ಕಾ ಅಂತ ಮಾಡಿದೆ. ಯಾವುದನ್ನ ಓದೂದು, ಹಳೇದಾ ಹೊಸದಾ?

ಎಂಎ_ಇಂಗ್ಲಿಷ್:
ಪುಸ್ತಕಗಳಲ್ಲಿ ಸಾಮಾನ್ಯವಾಗಿ ಇರೋದು 1834ರ ಪಾಠ, ಅದನ್ನೇ ಓದಿ. 1798ರದ್ದರಲ್ಲಿ ಬೇಕಂತಲೇ ಹಾಕಿದ ಹಳೇ ಸ್ಪೆಲಿಂಗ್ ಹಳೇ ಪದಗಳು ತುಂಬಾ ಇವೆ, ಓದೋಕೆ ತೊಡಕು. ಅಂಚಲ್ಲಿ ಗದ್ಯದ ಟಿಪ್ಪಣಿ ಇದ್ರೆ, ಅದು 1817ರಲ್ಲಿ ಸೇರಿಸಿದ್ದು, ಮೊದಲ ಸಲ ಓದೋವಾಗ ಅದರ ಕಡೆ ಹೋಗ್ಬೇಡಿ, ಲಯ ತಪ್ಪುತ್ತೆ. ಮತ್ತೆ ಮನೇಲಿ ಯಾರೂ ಇಲ್ದಾಗ ಜೋರಾಗಿ ಓದಿ.

ಗಂಗೊಳ್ಳಿ_ಹುಡ್ಗ:
ಮನೇಲಿ ಯಾರೂ ಇಲ್ದೇ ಇರೂದು ಅಂದ್ರೆ ಇನ್ನು ಮಲ್ಪೆ ಜಾತ್ರೆಗೇ ಕಾಯ್ಕ್. ಬೋಟಲ್ಲೇ ಓದ್ತೆ.